ಕ್ಯಾಲಿಫೋರ್ನಿಯಾದ 20 ಡಾಲರ್ ಕೂಲಿ: ಬರ್ಗರ್ ಬೆಲೆ ಎಷ್ಟು ಏರಿತು, ಹೊರೆ ಯಾರ ಮೇಲೆ ಬಿತ್ತು?

ಲೆಕ್ಕಿಗ

ಕ್ಯಾಲಿಫೋರ್ನಿಯಾದಲ್ಲಿ ಫಾಸ್ಟ್ ಫುಡ್ ಕೆಲಸಗಾರರ ಕನಿಷ್ಠ ಕೂಲಿ ಗಂಟೆಗೆ 20 ಡಾಲರ್ ಆಗಿದ್ದು 2024ರ ಏಪ್ರಿಲ್ 1ರಂದು. ಅವತ್ತಿನಿಂದ ಈ ವಿಷಯ ಬಂದಾಗಲೆಲ್ಲ ಎರಡೇ ಮಾತು ಕೇಳುತ್ತೇನೆ. ಒಂದು ಕಡೆಯವರು "ಕೂಲಿ ಏರಿಸಿದ್ದಕ್ಕೇ ಬರ್ಗರ್ ಇಷ್ಟು ದುಬಾರಿ" ಅನ್ನುತ್ತಾರೆ. ಇನ್ನೊಂದು ಕಡೆಯವರು "ಏನೂ ಆಗಿಲ್ಲ, ಸುಮ್ನೆ ಹೆದರಿಸುತ್ತಾರೆ" ಅನ್ನುತ್ತಾರೆ. ನನಗೆ ಎರಡೂ ಸರಿ ಅನಿಸುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡಿ. ದೇಶದಲ್ಲಿ ಒಂದೇ ಹೆಸರಿನ 60 ಅಥವಾ ಅದಕ್ಕಿಂತ ಜಾಸ್ತಿ ಮಳಿಗೆ ಇರುವ ಸರಣಿಗಳಿಗೆ ಮಾತ್ರ ಇದು ಅನ್ವಯ. ಸುಮಾರು ಐದು ಲಕ್ಷ ಕೆಲಸಗಾರರು ಇದರ ಒಳಗೆ ಬರುತ್ತಾರೆ. ಆಗ ರಾಜ್ಯದಲ್ಲಿ ಉಳಿದವರಿಗೆ ಕನಿಷ್ಠ ಕೂಲಿ 16 ಡಾಲರ್ ಇತ್ತು. 16ರಿಂದ 20 ಅಂದರೆ ಶೇ. 25 ಏರಿಕೆ.

ಹಾಗಾದರೆ ಬರ್ಗರ್ ಬೆಲೆಯೂ ಶೇ. 25 ಏರಬೇಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಹಾಗಾಗುವುದಿಲ್ಲ. ನೀವು ಕೊಡುವ 10 ಡಾಲರಿನಲ್ಲಿ ಕೂಲಿಗೆ ಹೋಗುವುದು ಹೆಚ್ಚೆಂದರೆ 3 ಡಾಲರ್ ಅಂತ ಇಟ್ಟುಕೊಳ್ಳಿ. ಉಳಿದದ್ದು ಮಾಂಸ, ಬನ್ನು, ಎಣ್ಣೆ, ಪೊಟ್ಟಣ, ಬಾಡಿಗೆ, ಕರೆಂಟು, ವಿಮೆ, ರಾಯಲ್ಟಿ (ಅಂದರೆ ಕಂಪನಿಯ ಹೆಸರು ಬಳಸುವುದಕ್ಕೆ ಕಂಪನಿಗೆ ಕೊಡುವ ಪಾಲು). ಆ 3 ಡಾಲರಿನ ಶೇ. 25 ಅಂದರೆ 75 ಸೆಂಟ್. ಪೂರ್ತಿ ಹೊರೆಯನ್ನು ಗ್ರಾಹಕನ ತಲೆಗೆ ಕಟ್ಟಿದರೂ ಏರಿಕೆ ಶೇ. 7.5. ಇನ್ನು ಎಲ್ಲರೂ 16ರಲ್ಲೇ ಇರಲಿಲ್ಲ, 17-18 ಪಡೆಯುತ್ತಿದ್ದವರೂ ಇದ್ದರು, ಹಾಗಾಗಿ ನಿಜವಾದ ಹೊರೆ ಇನ್ನೂ ಕಡಿಮೆ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2024ರಲ್ಲಿ ಮಾಡಿದ ಮೊದಲ ಅಧ್ಯಯನದಲ್ಲಿ ಸಿಕ್ಕಿದ್ದೂ ಹೀಗೇ. ಕೂಲಿ ಸರಾಸರಿ ಶೇ. 18 ಏರಿತ್ತು, ಬೆಲೆ ಶೇ. 3.7 ಏರಿತ್ತು. 4 ಡಾಲರಿನ ಬರ್ಗರ್ ಮೇಲೆ ಸುಮಾರು 15 ಸೆಂಟ್. ಚಿಪೋಟ್ಲೆ ಅನ್ನುವ ಸರಣಿ ಆ ರಾಜ್ಯದಲ್ಲಿ ಶೇ. 6ರಿಂದ 7 ಏರಿಸಿತ್ತು, ಅದು ಜಾಸ್ತಿ ಕಡೆಯ ಉದಾಹರಣೆ.

ಹಾಗಾದರೆ ಜೇಬು ಸುಡುತ್ತಿರುವ ಉಳಿದ ಏರಿಕೆ ಎಲ್ಲಿಂದ ಬಂತು? ಇದರ ಬಗ್ಗೆ ಯಾರಾದರೂ ಸರಿಯಾಗಿ ಮಾತಾಡಲಿ ಅಂತ ನನ್ನ ಆಸೆ.

ತಿಂಡಿಪ್ರಿಯ

ನಿಮ್ಮ ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ಆದರೆ ನಾನು ಕೌಂಟರಿನಲ್ಲಿ ದುಡ್ಡು ಕೊಡುವವನು. ಕೆಲವು ವರ್ಷದ ಹಿಂದೆ ಮನೆಮಂದಿಗೆಲ್ಲ ತಿನ್ನಿಸುತ್ತಿದ್ದ ದುಡ್ಡಿನಲ್ಲಿ ಈಗ ಇಬ್ಬರು ತಿನ್ನುವುದೂ ಕಷ್ಟ. 15 ಸೆಂಟ್ ಅಂತ ಹೇಳಿದರೆ ಯಾರು ನಂಬುತ್ತಾರೆ?

ಲೆಕ್ಕಿಗ

ನಿಮ್ಮ ಬಿಲ್ಲು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆ ಏರಿಕೆಯ ಬಹುಪಾಲು ಈ ಕಾನೂನಿಗಿಂತ ಮುಂಚೆಯೇ ಆಗಿತ್ತು, ಅದೂ ದೇಶದ ತುಂಬಾ. ಮೆಕ್‌ಡೊನಾಲ್ಡ್ಸ್‌ನ ಅಮೆರಿಕ ವಿಭಾಗದ ಮುಖ್ಯಸ್ಥ ಜೋ ಅರ್ಲಿಂಗರ್ 2024ರ ಮೇ ತಿಂಗಳಲ್ಲಿ ಬಹಿರಂಗ ಪತ್ರ ಬರೆದಿದ್ದರು. ಅವರೇ ಕೊಟ್ಟ ಅಂಕಿ ಇದು: ಅವರ ಬಿಗ್ ಮ್ಯಾಕ್ ಬರ್ಗರಿನ ಸರಾಸರಿ ಬೆಲೆ 2019ರಲ್ಲಿ 4.39 ಡಾಲರ್, 2024ರಲ್ಲಿ 5.29 ಡಾಲರ್. 90 ಸೆಂಟ್ ಏರಿಕೆ, ಇಡೀ ದೇಶದ ಸರಾಸರಿ. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರ ಜುಲೈನಿಂದ 7.25 ಡಾಲರಿನಲ್ಲೇ ನಿಂತಿದೆ. ಟೆಕ್ಸಾಸ್, ಜಾರ್ಜಿಯಾದಂಥ ರಾಜ್ಯಗಳಲ್ಲಿ ಇವತ್ತಿಗೂ ಕಾನೂನಿನ ಪ್ರಕಾರ ಅಷ್ಟೇ. ಅಲ್ಲೂ ಬರ್ಗರ್ ದುಬಾರಿ ಆಗಿದೆ. ಕಾನೂನೇ ಕಾರಣವಾಗಿದ್ದರೆ ಅಲ್ಲಿ ಬೆಲೆ ಏರಬಾರದಿತ್ತು, ಅಲ್ವಾ?

ಮಾರುಕಟ್ಟೆ ನೋಡುವವ

ಇದು ಅರ್ಧ ಮಾತು. ಟೆಕ್ಸಾಸಿನಲ್ಲಿ ಕಾನೂನು 7.25 ಅನ್ನುತ್ತದೆ ನಿಜ, ಆದರೆ ಆ ಕೂಲಿಗೆ ಅಲ್ಲಿ ಯಾರೂ ಸಿಗುವುದಿಲ್ಲ. ಕೋವಿಡ್ ಆದ ಮೇಲೆ 2021-22ರಲ್ಲಿ ಕೆಲಸಕ್ಕೆ ಜನ ಸಿಗದೆ ದೇಶದ ಎಲ್ಲ ಕಡೆ ಫಾಸ್ಟ್ ಫುಡ್ ಕೂಲಿ ತಾನಾಗಿಯೇ ಏರಿತು. ಜೊತೆಗೆ ದನದ ಮಾಂಸ, ಎಣ್ಣೆ, ಪೊಟ್ಟಣ ಎಲ್ಲವೂ ದುಬಾರಿ ಆಯಿತು. ಹಾಗಾಗಿ "ಕೂಲಿಗೂ ಬೆಲೆಗೂ ಸಂಬಂಧ ಇಲ್ಲ" ಅಂತ ಯಾರೂ ಹೇಳಬೇಡಿ. ಸಂಬಂಧ ಖಂಡಿತ ಇದೆ. ಮಾರುಕಟ್ಟೆ ಏರಿಸಿದ ಕೂಲಿ ಬೇರೆ, ಕಾನೂನು ಒಂದೇ ದಿನದಲ್ಲಿ ಏರಿಸಿದ ಕೂಲಿ ಬೇರೆ, ಇವೆರಡನ್ನೂ ಬಿಡಿಸಿ ನೋಡಬೇಕು.

ಇನ್ನು ನೀವು ಕೆಲಸ ಹೋದವರ ವಿಷಯವನ್ನೇ ಎತ್ತಲಿಲ್ಲ. ಕಾನೂನು ಜಾರಿಗೆ ಬರುವ ಮುಂಚೆಯೇ, 2023ರ ಡಿಸೆಂಬರಿನಲ್ಲಿ, ಕ್ಯಾಲಿಫೋರ್ನಿಯಾದ ಪಿಜ್ಜಾ ಹಟ್ ಫ್ರ್ಯಾಂಚೈಸಿಗಳು, ಅಂದರೆ ಕಂಪನಿಯ ಹೆಸರಿನಲ್ಲಿ ಸ್ವಂತ ದುಡ್ಡು ಹಾಕಿ ಮಳಿಗೆ ನಡೆಸುವ ಮಾಲೀಕರು, 1,200ಕ್ಕೂ ಜಾಸ್ತಿ ಡೆಲಿವರಿ ಚಾಲಕರನ್ನು ತೆಗೆಯುವುದಾಗಿ ತಿಳಿಸಿದರು. ಡೆಲಿವರಿಯನ್ನು ಆ್ಯಪ್‌ಗಳಿಗೆ ಬಿಟ್ಟುಕೊಟ್ಟರು. 2025ರಲ್ಲಿ ಕ್ಲೆಮೆನ್ಸ್, ಎಡ್ವರ್ಡ್ಸ್, ಮೀರ್ ಅನ್ನುವ ಅರ್ಥಶಾಸ್ತ್ರಜ್ಞರು ಉಳಿದ ರಾಜ್ಯಗಳ ಜೊತೆ ಹೋಲಿಸಿ ನೋಡಿದಾಗ ಕ್ಯಾಲಿಫೋರ್ನಿಯಾದ ಫಾಸ್ಟ್ ಫುಡ್ ಕೆಲಸಗಳು ಸುಮಾರು ಶೇ. 2.7 ಕಡಿಮೆ ಆಗಿದ್ದವು. ಬೇರೆ ಅಂಶಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಅವರ ಮಧ್ಯದ ಅಂದಾಜು 18,000 ಕೆಲಸ. ಬರ್ಕ್ಲಿಯವರು ಕೆಲಸ ಕಡಿಮೆ ಆಗಿಲ್ಲ ಅಂದರು. ಇಬ್ಬರೂ ಗೊತ್ತು ಗುರಿ ಇಲ್ಲದವರಲ್ಲ. ನಿಮಗೆ ಬೇಕಾದ ಒಂದನ್ನು ಮಾತ್ರ ತಂದು ಇಲ್ಲಿ ಇಡುವುದು ಸರಿಯಲ್ಲ.

ಲೆಕ್ಕಿಗ

ಒಪ್ಪಿದೆ, ಎರಡನ್ನೂ ಇಡಬೇಕು. ನನಗೆ ಅನಿಸುವುದು ಇಷ್ಟು. ಬರ್ಕ್ಲಿಯವರ ಮಾತು ಪೂರ್ತಿ ನಿಜವಾದರೂ, ಇನ್ನೊಬ್ಬರದ್ದು ಪೂರ್ತಿ ನಿಜವಾದರೂ, "ಉದ್ಯಮವೇ ಮುಳುಗುತ್ತದೆ" ಅಂದವರ ಮಾತು ನಿಜ ಆಗಲಿಲ್ಲ. ಹೋಯಿತು ಅಂದರೂ 100ರಲ್ಲಿ ಸುಮಾರು ಮೂರು ಕೆಲಸ, ಉಳಿದವರ ಕೂಲಿ ಚೆನ್ನಾಗಿ ಏರಿತು. ಆದರೆ ಆ 18,000 ಅನ್ನುವುದು ಬರೀ ಅಂಕಿ ಅಲ್ಲ, ಅಷ್ಟು ಮನೆಗಳ ಮಾತು. ಅದನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಹಳೇ ಶಿಫ್ಟ್ ಮ್ಯಾನೇಜರ್

ಇಲ್ಲಿಯವರೆಗೆ ಬರೆದವರೆಲ್ಲ ಬೆಲೆ ಮತ್ತು ಕೆಲಸ ಎರಡನ್ನೇ ಎಣಿಸುತ್ತಿದ್ದೀರಿ. ಅಡುಗೆಮನೆಯಲ್ಲಿ ಮೊದಲು ಕತ್ತರಿ ಬೀಳುವುದು ಇವೆರಡಕ್ಕೂ ಅಲ್ಲ, ಗಂಟೆಗಳಿಗೆ. ನಾನು ಒಂದು ಸರಣಿಯ ಮಳಿಗೆಯಲ್ಲಿ ಶಿಫ್ಟ್ ನೋಡಿಕೊಳ್ಳುತ್ತಿದ್ದೆ, ಹೆಸರು ಬೇಡ.

ಅಲ್ಲಿ ನಡೆಯುವುದು ಹೀಗೆ. ಪ್ರತಿ ಗಂಟೆಗೆ ಎಷ್ಟು ಮಾರಾಟ ಆಗುತ್ತದೆ ಅಂತ ಕಂಪ್ಯೂಟರ್ ಅಂದಾಜು ಕೊಡುತ್ತದೆ. ಮಾರಾಟದಲ್ಲಿ ಇಂತಿಷ್ಟೇ ಪಾಲು ಕೂಲಿಗೆ ಹೋಗಬೇಕು ಅಂತ ಮೇಲಿನವರು ಗೆರೆ ಹಾಕಿರುತ್ತಾರೆ. ಗಂಟೆಯ ಕೂಲಿ ಏರಿದರೂ ಆ ಗೆರೆ ಮಾತ್ರ ಕದಲುವುದಿಲ್ಲ. ಆಗ ಮ್ಯಾನೇಜರ್ ಏನು ಮಾಡಬೇಕು? ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಮುಂದಿನ ವಾರದ ಪಟ್ಟಿಯಲ್ಲಿ ಒಬ್ಬೊಬ್ಬರಿಗೂ ಸ್ವಲ್ಪ ಸ್ವಲ್ಪ ಗಂಟೆ ಕಡಿಮೆ ಬರೆಯುತ್ತಾರೆ, ಮಧ್ಯಾಹ್ನ ಜನ ಕಡಿಮೆ ಇರುವಾಗ ಇಬ್ಬರನ್ನು ಬೇಗ ಮನೆಗೆ ಕಳಿಸುತ್ತಾರೆ, ರಾತ್ರಿ ಮುಚ್ಚುವಾಗ ನಾಲ್ಕು ಜನ ಮಾಡುತ್ತಿದ್ದ ತೊಳೆಯುವ ಕೆಲಸವನ್ನು ಮೂರು ಜನರ ಮೇಲೆ ಹಾಕುತ್ತಾರೆ. ಪಟ್ಟಿಯಲ್ಲಿ ಹೆಸರು ಹಾಗೇ ಇರುತ್ತದೆ. ಆದ್ದರಿಂದ ಸರ್ಕಾರಿ ಲೆಕ್ಕದಲ್ಲಿ ಆ ಕೆಲಸ ಉಳಿದಿದೆ. ಕೆಲಸಗಾರನ ಚೆಕ್ಕಿನಲ್ಲಿ ಮಾತ್ರ 20 ಡಾಲರಿನ ಏರಿಕೆ ಅರ್ಧ ಕರಗಿರುತ್ತದೆ.

ಇನ್ನೂ ಒಂದು ಮಾತು. ಗಂಟೆ ಕಡಿಮೆ ಆದರೆ ಆರೋಗ್ಯ ವಿಮೆಗೆ ಅರ್ಹತೆ ತಪ್ಪುವವರೂ ಇರುತ್ತಾರೆ. ವಾರಕ್ಕೆ ಸರಾಸರಿ 30 ಗಂಟೆ ದುಡಿದರೆ ಮಾತ್ರ ದೊಡ್ಡ ಕಂಪನಿಗಳು ಅಲ್ಲಿ ವಿಮೆ ಕೊಡಲೇಬೇಕು. 31 ಗಂಟೆ ಮಾಡುತ್ತಿದ್ದವರು 27ಕ್ಕೆ ಇಳಿದರೆ ಅವರಿಗೆ ಆಗುವ ನಷ್ಟ ಬರೀ ನಾಲ್ಕು ಗಂಟೆಯದ್ದಲ್ಲ.

ಲೆಕ್ಕಿಗ

ಇದೇ ಬೇಕಿತ್ತು. ಸಿಯಾಟಲ್‌ನಲ್ಲೂ ಇದೇ ಜಗಳ ನಡೆದಿತ್ತು. ಅಲ್ಲಿ 2014ರಲ್ಲಿ 15 ಡಾಲರಿನ ಕಡೆಗೆ ಹೋಗಲು ಕಾನೂನು ಮಾಡಿದರು. 2017ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಕೂಲಿ 13 ಡಾಲರಿಗೆ ಏರಿದ ಹಂತವನ್ನು ನೋಡಿ, ಕಡಿಮೆ ಕೂಲಿಯವರ ಗಂಟೆಗಳು ಸುಮಾರು ಶೇ. 9 ಕಡಿಮೆ ಆದವು ಅಂದರು. ಅದೇ ವರ್ಷ ಬರ್ಕ್ಲಿಯವರು ಸಿಯಾಟಲ್‌ನ ಹೋಟೆಲ್ ಕೆಲಸಗಳನ್ನು ನೋಡಿ, ಕೂಲಿ ಏರಿದೆ, ಕೆಲಸ ಕಡಿಮೆ ಆಗಿಲ್ಲ ಅಂದರು. ಒಬ್ಬರು ಗಂಟೆ ಎಣಿಸಿದ್ದರು, ಇನ್ನೊಬ್ಬರು ತಲೆ ಎಣಿಸಿದ್ದರು. ಇಬ್ಬರ ಉತ್ತರ ಬೇರೆ ಬರಲು ಅದೂ ಒಂದು ಕಾರಣ. ನೀವು ಹೇಳಿದ ಪಟ್ಟಿಯ ವಿಷಯ ಅಲ್ಲಿಗೆ ಸರಿಯಾಗಿ ಕೂರುತ್ತದೆ.

ರಾತ್ರಿ ಪಾಳಿ

ಮ್ಯಾನೇಜರ್ ಹೇಳಿದ್ದರಲ್ಲಿ ಒಂದು ಬಿಟ್ಟುಹೋಗಿದೆ. ನಾನೂ ಫ್ರೈಯರ್ ಮುಂದೆ ನಿಂತವಳೇ. ಕೂಲಿ ಕಡಿಮೆ ಇದ್ದಾಗ ಜನ ನಿಲ್ಲುತ್ತಲೇ ಇರಲಿಲ್ಲ. ಹೊಸಬರು ಬರುತ್ತಾರೆ, ಕೆಲಸ ಕಲಿಯುವಷ್ಟರಲ್ಲಿ ಬಿಟ್ಟುಹೋಗುತ್ತಾರೆ, ಮತ್ತೆ ಹೊಸಬರಿಗೆ ಕಲಿಸಬೇಕು. ಈ ಉದ್ಯಮದಲ್ಲಿ ಒಂದು ಮಳಿಗೆಯ ಎಲ್ಲ ಕೆಲಸಗಾರರೂ ಒಂದೇ ವರ್ಷದಲ್ಲಿ ಬದಲಾಗುವುದು ಹೊಸದೇನಲ್ಲ. ಹುಡುಕುವುದಕ್ಕೆ, ಕಲಿಸುವುದಕ್ಕೆ, ಹೊಸಬರು ತಪ್ಪು ಆರ್ಡರ್ ಮಾಡಿ ಎಸೆದ ಊಟಕ್ಕೆ ದುಡ್ಡು ಹೋಗುತ್ತದೆ. ಕೂಲಿ ಏರಿದಾಗ ಜನ ನಿಲ್ಲುತ್ತಾರೆ, ಆ ಖರ್ಚು ಇಳಿಯುತ್ತದೆ. ಮಾಲೀಕರ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ ಯಾಕೆ?

ಇನ್ನು ಗಂಟೆಯ ಮಾತು. 38 ಗಂಟೆ 16 ಡಾಲರಿಗೆ ಅಂದರೆ 608. 32 ಗಂಟೆ 20 ಡಾಲರಿಗೆ ಅಂದರೆ 640. ಆರು ಗಂಟೆ ಮಗುವಿನ ಜೊತೆ ಸಿಕ್ಕಿತು, 32 ಡಾಲರ್ ಜಾಸ್ತಿಯೂ ಸಿಕ್ಕಿತು. ನನ್ನಂಥವರಿಗೆ ಅದು ನಷ್ಟ ಅಲ್ಲ. ಆದರೆ ಆ 32 ಗಂಟೆಯಲ್ಲಿ 38 ಗಂಟೆಯ ಕೆಲಸ ಹಿಂಡುತ್ತಾರೆ, ಮೈ ನೋವು ಅದರಿಂದ.

ಹಳೇ ಶಿಫ್ಟ್ ಮ್ಯಾನೇಜರ್

ಅಕ್ಕ, ನಿಮ್ಮ ಮಾತು ನಿಜ. ಜನ ನಿಲ್ಲತೊಡಗಿದರೆ ಮ್ಯಾನೇಜರಿಗೇ ಮೊದಲು ನೆಮ್ಮದಿ. ಕೆಲಸ ಗೊತ್ತಿರುವ ಮೂವರು, ಗೊತ್ತಿಲ್ಲದ ಐವರಿಗೆ ಸಮ. ಅದಕ್ಕೇ ಗಂಟೆ ಕಡಿಮೆ ಮಾಡಿದರೂ ಮಳಿಗೆ ನಡೆಯುತ್ತದೆ.

ಓದುವ ಹುಡುಗ

ನಮ್ಮ ಪಾಠದಲ್ಲಿ ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಅಂತ ಗೆರೆ ಎಳೆದು ತೋರಿಸಿದರು. ಕೂಲಿ ಅನ್ನುವುದು ಕೆಲಸದ ಬೆಲೆ, ಅದು ಏರಿದರೆ ಕೆಲಸ ಇಳಿಯಲೇಬೇಕು ಅಲ್ವಾ? ಇಳಿಯದಿದ್ದರೆ ಹೇಗೆ?

ಲೆಕ್ಕಿಗ

ಒಳ್ಳೆ ಪ್ರಶ್ನೆ. 30 ವರ್ಷದಿಂದ ಅರ್ಥಶಾಸ್ತ್ರಜ್ಞರು ಜಗಳ ಆಡುತ್ತಿರುವುದು ಇದಕ್ಕೇ. 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ತನ್ನ ಕನಿಷ್ಠ ಕೂಲಿಯನ್ನು 4.25ರಿಂದ 5.05 ಡಾಲರಿಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಗಡಿಯ ಎರಡೂ ಕಡೆಯ 410 ಫಾಸ್ಟ್ ಫುಡ್ ಮಳಿಗೆಗಳನ್ನು ಏರಿಕೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ವಿಚಾರಿಸಿದರು. ಕೆಲಸ ಕಡಿಮೆ ಆಗುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು, ಆದರೆ ನ್ಯೂಜೆರ್ಸಿಯಲ್ಲಿ ಹಾಗೆ ಆಗಿರಲಿಲ್ಲ. ಊಟದ ಬೆಲೆ ಮಾತ್ರ ಅಲ್ಲಿ ಸ್ವಲ್ಪ ಜಾಸ್ತಿ ಏರಿತ್ತು. 1994ರಲ್ಲಿ ಇದು ಪ್ರಕಟವಾದಾಗ ದೊಡ್ಡ ಗದ್ದಲ ಆಯಿತು. ನ್ಯೂಮಾರ್ಕ್ ಮತ್ತು ವಾಷರ್ ಅನ್ನುವವರು ಮಳಿಗೆಗಳ ಸಂಬಳದ ದಾಖಲೆ ತಂದು, ಕೆಲಸ ಕಡಿಮೆ ಆಗಿದೆ ಅಂತ ವಾದಿಸಿದರು. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು. ಕ್ರೂಗರ್ 2019ರಲ್ಲೇ ತೀರಿಕೊಂಡಿದ್ದರು.

ನಿಮ್ಮ ಪಾಠದ ಗೆರೆ ನಿಜವಾಗಬೇಕಾದರೆ ಒಂದು ಷರತ್ತು ಇದೆ. ಕೆಲಸಗಾರ ಒಂದು ಮಳಿಗೆ ಬಿಟ್ಟು ಇನ್ನೊಂದಕ್ಕೆ ಸಲೀಸಾಗಿ ಹೋಗುವಂತೆ ಇರಬೇಕು. ನಿಜ ಜೀವನದಲ್ಲಿ ಬಸ್ಸು ಸಿಗುವುದಿಲ್ಲ, ಮಗುವಿನ ಶಾಲೆ ಹತ್ತಿರ ಇರಬೇಕು, ಇನ್ನೊಂದು ಕಡೆ ಗಂಟೆ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಇದರ ಮೇಲೆ, ಅಮೆರಿಕದ ಎಷ್ಟೋ ಸರಣಿಗಳ ಫ್ರ್ಯಾಂಚೈಸಿ ಒಪ್ಪಂದದಲ್ಲಿ ಒಂದೇ ಸರಣಿಯ ಇನ್ನೊಂದು ಮಳಿಗೆಯ ಕೆಲಸಗಾರನನ್ನು ತೆಗೆದುಕೊಳ್ಳಬಾರದು ಅನ್ನುವ ಕರಾರು ಇತ್ತು. 2018ರಲ್ಲಿ ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ ಬೆನ್ನುಹತ್ತಿದ ಮೇಲೆ ತುಂಬಾ ಸರಣಿಗಳು ಅದನ್ನು ಕೈಬಿಟ್ಟವು. ಇಂಥ ಕಡೆ ಮಾಲೀಕ, ಕೆಲಸಗಾರ ದುಡಿದು ಕೊಡುವುದಕ್ಕಿಂತ ಕಡಿಮೆ ಕೂಲಿ ಕೊಟ್ಟು ದಕ್ಕಿಸಿಕೊಳ್ಳಬಹುದು. ಆಗ ಕಾನೂನು ಕೂಲಿ ಏರಿಸಿದರೆ ಕೆಲಸ ಕಡಿಮೆ ಆಗಬೇಕು ಅಂತೇನೂ ಇಲ್ಲ. ಅದಕ್ಕೂ ಒಂದು ಮಿತಿ ಇರುತ್ತದೆ, ಅದನ್ನು ದಾಟಿದರೆ ಕೆಲಸ ಹೋಗುತ್ತದೆ. 20 ಡಾಲರ್ ಆ ಮಿತಿಯ ಒಳಗಿದೆಯೋ ಹೊರಗಿದೆಯೋ ಅನ್ನುವುದೇ ಈಗಿನ ಜಗಳ.

ತಿಂಡಿಪ್ರಿಯ

ಮತ್ತೆ ಗ್ರಾಹಕರೇ ಮುಟ್ಟಿ ಆರ್ಡರ್ ಮಾಡುವ ಆ ಟಚ್ ಸ್ಕ್ರೀನುಗಳು? ಕೂಲಿ ಏರಿತು, ಅದಕ್ಕೇ ಜನರ ಬದಲು ಯಂತ್ರ ತಂದರು ಅಂತಾರಲ್ಲ.

ಮಾರುಕಟ್ಟೆ ನೋಡುವವ

ಈ ವಿಷಯದಲ್ಲಿ ನಾನು ಕಾನೂನಿನ ಪರ ಮಾತಾಡಬೇಕಾಗಿದೆ. ಸ್ಕ್ರೀನ್ ಬಂದಿದ್ದು 20 ಡಾಲರಿಗಿಂತ ಎಷ್ಟೋ ಮುಂಚೆ, ಕೂಲಿ ಕಡಿಮೆ ಇರುವ ರಾಜ್ಯಗಳಲ್ಲೂ ಬಂದಿದೆ. ಆಶೆನ್‌ಫೆಲ್ಟರ್ ಮತ್ತು ಯುರೈದಾ ಅನ್ನುವ ಇಬ್ಬರು ಅಮೆರಿಕದ ಮೆಕ್‌ಡೊನಾಲ್ಡ್ಸ್ ಮಳಿಗೆಗಳನ್ನು 2016ರಿಂದ 2020ರವರೆಗೆ ನೋಡಿದ್ದರು. ಕನಿಷ್ಠ ಕೂಲಿ ಏರಿದ್ದಕ್ಕೂ ಸ್ಕ್ರೀನ್ ಹಾಕಿದ್ದಕ್ಕೂ ಸಂಬಂಧ ಕಾಣಲಿಲ್ಲ. ಕೂಲಿಯ ಹೊರೆ ಹೆಚ್ಚುಕಡಿಮೆ ಪೂರ್ತಿ ಬಿಗ್ ಮ್ಯಾಕ್ ಬೆಲೆಗೆ ಹೋಗಿದ್ದು ಮಾತ್ರ ಕಂಡಿತು. ಸ್ಕ್ರೀನಿನ ಮುಂದೆ ನಿಂತ ಗ್ರಾಹಕ ನಿಧಾನವಾಗಿ ನೋಡಿ ಇನ್ನೊಂದೆರಡು ತಿಂಡಿ ಸೇರಿಸುತ್ತಾನೆ, ಬಿಲ್ಲು ದೊಡ್ಡದಾಗುತ್ತದೆ. ಕಂಪನಿಗಳಿಗೆ ಅದರ ಆಸೆ ಹೇಗೂ ಇದೆ. ಆದರೆ ಕೂಲಿ ಇನ್ನೂ ಏರುತ್ತಾ ಹೋದರೆ ಒಂದಲ್ಲ ಒಂದು ದಿನ ಹುರಿಯುವ ಯಂತ್ರಕ್ಕೂ ದುಡ್ಡು ಹಾಕುತ್ತಾರೆ. ಆ ಭಯ ನನಗಿದೆ.

ಎರಡು ಮಳಿಗೆಯ ಮಾಲೀಕ

ಸುಮ್ಮನೆ ಓದುತ್ತಾ ಕೂತಿದ್ದೆ, ಆದರೆ ಈಗ ಬರೆಯಲೇಬೇಕು. ನಾನು ಒಂದು ದೊಡ್ಡ ಸರಣಿಯ ಫ್ರ್ಯಾಂಚೈಸಿ. ಬೋರ್ಡಿನ ಮೇಲೆ ಇರುವುದು ಕಂಪನಿಯ ಹೆಸರು. ಕೂಲಿ ಕೊಡುವುದು ನಾನು. ಸಾಲದ ಪತ್ರಕ್ಕೆ ಸಹಿ ಹಾಕಿದ್ದೂ ನಾನು. ಜನ "ಮೆಕ್‌ಡೊನಾಲ್ಡ್ಸ್ ಲಾಭ ನೋಡಿ, ಕೂಲಿ ಕೊಡಲು ಏನು ಕಷ್ಟ" ಅನ್ನುತ್ತಾರೆ. ಮೆಕ್‌ಡೊನಾಲ್ಡ್ಸ್ ಮಳಿಗೆಗಳಲ್ಲಿ ಶೇ. 95ರಷ್ಟು ಫ್ರ್ಯಾಂಚೈಸಿಗಳವು. ಬೇರೆ ಎಷ್ಟೋ ಸರಣಿಗಳೂ ಹೀಗೇ.

ರಾಯಲ್ಟಿ ಹೇಗೆ ಅಂತ ನೋಡಿ. ಅದು ಲಾಭದ ಮೇಲೆ ಅಲ್ಲ, ಮಾರಾಟದ ಮೇಲೆ. ನಾನು ನಷ್ಟದಲ್ಲಿದ್ದರೂ ಕೊಡಬೇಕು. ಅದರ ಜೊತೆ ಜಾಹೀರಾತಿನ ಪಾಲು, ಕೆಲವರಿಗೆ ಕಂಪನಿಗೇ ಬಾಡಿಗೆ, ಅದೂ ಮಾರಾಟದ ಮೇಲೆ. ಮೆಕ್‌ಡೊನಾಲ್ಡ್ಸ್ 2024ರಿಂದ ಅಮೆರಿಕದ ಹೊಸ ಮಳಿಗೆಗಳಿಗೆ ರಾಯಲ್ಟಿಯನ್ನು ಶೇ. 4ರಿಂದ 5ಕ್ಕೆ ಏರಿಸಿತು. ಈಗ ಕೂಲಿ ಏರಿತು, ನಾನು ಬೆಲೆ ಏರಿಸಿದೆ. ಬೆಲೆ ಏರಿದ್ದರಿಂದ ಮಾರಾಟದ ಮೊತ್ತ ಏರಿತು, ಕಂಪನಿಗೆ ಹೋಗುವ ರಾಯಲ್ಟಿಯೂ ಏರಿತು. ಅಂದರೆ ಕೂಲಿ ಏರಿಕೆಯಿಂದ ಕಂಪನಿಯ ಜೇಬಿಗೆ ನಾಲ್ಕು ಕಾಸು ಜಾಸ್ತಿ ಬಂತು, ಒಂದು ಪೈಸೆ ಹೊರೆ ಅವರು ಹೊರಲಿಲ್ಲ. ಮೇಲಿಂದ ಅವರೇ ಟಿವಿಯಲ್ಲಿ "5 ಡಾಲರಿಗೆ ಊಟ" ಅಂತ ಜಾಹೀರಾತು ಕೊಡುತ್ತಾರೆ, ಆ ಅಗ್ಗದ ಊಟ ಮಾರಬೇಕಾದವನು ನಾನು.

ಅಡ್ಡಕತ್ತರಿಯಲ್ಲಿ ಸಿಕ್ಕ ಅಡಿಕೆ ನಾನು. ಕೆಲಸಗಾರರ ಮೇಲೆ ನನಗೆ ಸಿಟ್ಟಿಲ್ಲ, ಈ ರಾಜ್ಯದ ಬಾಡಿಗೆಯಲ್ಲಿ 20 ಡಾಲರಿಗೆ ಬದುಕುವುದೂ ಕಷ್ಟ ಅಂತ ನನಗೆ ಗೊತ್ತು.

ರಾತ್ರಿ ಪಾಳಿ

ನೀವು ಹೀಗೆ ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ ಸರ್. ನಮಗೆ ಮಾಲೀಕರು ಅಂದರೆ ನೀವೇ ಕಾಣುವುದು, ಅದಕ್ಕೇ ಸಿಟ್ಟೂ ನಿಮ್ಮ ಮೇಲೇ ಬರುತ್ತದೆ.

ಮೂಲೆಯ ಮಳಿಗೆ

ನನ್ನದು ಸರಣಿ ಅಲ್ಲ, ಒಂದೇ ಒಂದು ಮಳಿಗೆ. ಕಾನೂನು ನನಗೆ ಅನ್ವಯಿಸುವುದಿಲ್ಲ. ಆದರೆ ರಸ್ತೆಯ ಆ ಕಡೆ 20 ಕೊಡುವಾಗ ಈ ಕಡೆ ನಾನು 16 ಕೊಟ್ಟರೆ ಯಾರು ಉಳಿಯುತ್ತಾರೆ? ನಾನೂ ಏರಿಸಿದೆ. ರಾಯಲ್ಟಿ ಕಟ್ಟಬೇಕಿಲ್ಲ ಅನ್ನುವುದೊಂದೇ ನೆಮ್ಮದಿ. ದೊಡ್ಡ ಸರಣಿಗಳ ಹಾಗೆ ಸಗಟಿನಲ್ಲಿ ಅಗ್ಗಕ್ಕೆ ಮಾಂಸ ಸಿಗುವುದಿಲ್ಲ.

ಮಾರುಕಟ್ಟೆ ನೋಡುವವ

ಮಳಿಗೆಗಳು ಮುಚ್ಚಿದ್ದನ್ನೂ ಹೇಳಲೇಬೇಕು. ರೂಬಿಯೋಸ್ ಅನ್ನುವ ಮೀನಿನ ಟಾಕೋ ಸರಣಿ 2024ರಲ್ಲಿ ಕ್ಯಾಲಿಫೋರ್ನಿಯಾದ 48 ಮಳಿಗೆ ಮುಚ್ಚಿತು, ರಾಜ್ಯದಲ್ಲಿ ವ್ಯಾಪಾರದ ಖರ್ಚು ಏರಿದ್ದೇ ಕಾರಣ ಅಂದಿತು.

ಲೆಕ್ಕಿಗ

ರೂಬಿಯೋಸ್ 2020ರಲ್ಲೇ ಒಮ್ಮೆ ದಿವಾಳಿ ಅರ್ಜಿ ಹಾಕಿತ್ತು. ತಲೆಯ ಮೇಲೆ ದೊಡ್ಡ ಸಾಲ ಇತ್ತು, ಮಾರಾಟ ಇಳಿದಿತ್ತು. ಮೊದಲೇ ಸೊರಗಿದ್ದ ವ್ಯಾಪಾರಕ್ಕೆ ಕೂಲಿ ಏರಿಕೆ ಇನ್ನೊಂದು ಪೆಟ್ಟು ಕೊಟ್ಟಿರಬಹುದು, ಅದನ್ನು ನಾನು ತೆಗೆದುಹಾಕುವುದಿಲ್ಲ. ಆದರೆ ಮುಚ್ಚಿದ ಪ್ರತಿ ಬಾಗಿಲಿನ ಮೇಲೂ 20 ಡಾಲರ್ ಅಂತ ಬರೆಯುವುದು ನ್ಯಾಯ ಅಲ್ಲ.

ಮಾಲೀಕರು ಹೇಳಿದ್ದಕ್ಕೆ ಬರುತ್ತೇನೆ, ನನ್ನ ಪ್ರಕಾರ ಇಡೀ ಚರ್ಚೆಯ ಗಂಟು ಇರುವುದು ಅಲ್ಲೇ. ಈ ಕಾನೂನು ಹುಟ್ಟಿದ ಕಥೆ ತುಂಬಾ ಜನಕ್ಕೆ ಗೊತ್ತಿಲ್ಲ. 2012ರ ನವೆಂಬರಿನಲ್ಲಿ ನ್ಯೂಯಾರ್ಕಿನ ಫಾಸ್ಟ್ ಫುಡ್ ಕೆಲಸಗಾರರು ಕೆಲಸ ಬಿಟ್ಟು ಬೀದಿಗೆ ಇಳಿದು 15 ಡಾಲರ್ ಕೇಳಿದರು. ಆ ಚಳವಳಿ ಬೆಳೆದು ಕ್ಯಾಲಿಫೋರ್ನಿಯಾಕ್ಕೂ ಬಂತು. 2022ರಲ್ಲಿ ರಾಜ್ಯ ಒಂದು ಕಾನೂನು ಮಾಡಿತು, ಕೂಲಿ ನಿಗದಿ ಮಾಡಲು ಒಂದು ಮಂಡಳಿ ಇರಬೇಕು ಅಂತ. ಕಂಪನಿಗಳು ದುಡ್ಡು ಸುರಿದು ಸಹಿ ಸಂಗ್ರಹಿಸಿ, ಜನಮತಕ್ಕೆ ಹೋಗಲಿ ಅಂತ ಅದನ್ನು ತಡೆದವು. ಆಗ ಶಾಸಕರು ಎಬಿ 1228 ಅನ್ನುವ ಮಸೂದೆ ತಂದರು. ಮೊದಲ ರೂಪದಲ್ಲಿ ಅದರ ಮುಖ್ಯ ಅಂಶವೇ ಜಂಟಿ ಹೊಣೆ. ಮಳಿಗೆಯಲ್ಲಿ ಕೂಲಿ ಕಾನೂನು ಮುರಿದರೆ ಫ್ರ್ಯಾಂಚೈಸಿಯ ಜೊತೆ ಮೂಲ ಕಂಪನಿಯೂ ಉತ್ತರ ಕೊಡಬೇಕು ಅಂತ ಇತ್ತು. ಕಂಪನಿಗಳಿಗೆ ನಿಜವಾಗಿ ಭಯ ಹುಟ್ಟಿಸಿದ್ದು ಅದು.

2023ರ ಸೆಪ್ಟೆಂಬರಿನಲ್ಲಿ ರಾಜಿ ಆಯಿತು. ಕಂಪನಿಗಳು ಜನಮತದ ಹಟ ಬಿಟ್ಟವು, 20 ಡಾಲರ್ ಕೂಲಿಗೆ ಒಪ್ಪಿದವು. ಬದಲಿಗೆ ಜಂಟಿ ಹೊಣೆಯ ಮಾತು ಮಸೂದೆಯಿಂದ ಹೋಯಿತು. ಸೆಪ್ಟೆಂಬರ್ 28ರಂದು ಗವರ್ನರ್ ನ್ಯೂಸಮ್ ಸಹಿ ಹಾಕಿದರು. ಕಂಪನಿಗಳು ಯಾಕೆ ಒಪ್ಪಿದವು ಅಂತ ಯೋಚಿಸಿ. ಕೂಲಿ ಕೊಡುವವರು ಫ್ರ್ಯಾಂಚೈಸಿಗಳು, ಬೆಲೆ ಕೊಡುವವರು ಗ್ರಾಹಕರು, ಗಂಟೆ ಕಳೆದುಕೊಳ್ಳುವವರು ಕೆಲಸಗಾರರು. ಮೇಲೆ ಕೂತವರು ತಮ್ಮ ಪಾಲನ್ನು ಕಾಪಾಡಿಕೊಂಡರು.

ಎರಡು ಮಳಿಗೆಯ ಮಾಲೀಕ

ಜಂಟಿ ಹೊಣೆ ಬಂದಿದ್ದರೆ ನಮಗೂ ಒಳ್ಳೆಯದಾಗುತ್ತಿತ್ತು ಅಂತ ನಾನು ಕಣ್ಣು ಮುಚ್ಚಿ ಒಪ್ಪುವುದಿಲ್ಲ. ಹೊಣೆ ಬಂದರೆ ಕಂಪನಿ ನನ್ನ ಮಳಿಗೆಯ ಪ್ರತಿ ಪಟ್ಟಿಯನ್ನೂ ತಾನೇ ಬರೆಯಲು ಬರುತ್ತಿತ್ತು, ನಾನು ಬರೀ ಮ್ಯಾನೇಜರ್ ಆಗುತ್ತಿದ್ದೆ. ಆಗ ನಮ್ಮವರಲ್ಲೇ ತುಂಬಾ ಜನ ಅದನ್ನು ವಿರೋಧಿಸಿದ್ದು ಇದಕ್ಕೇ. ನನಗೆ ಬೇಕಾಗಿರುವುದು ಬೇರೆ. ಕಾನೂನು ಕೂಲಿ ಏರಿಸಿದ ವರ್ಷ, ಅದರಿಂದ ಏರಿದ ಬೆಲೆಯ ಭಾಗಕ್ಕೆ ರಾಯಲ್ಟಿ ತೆಗೆದುಕೊಳ್ಳಬಾರದು. ಇಷ್ಟು ಆಗಲಿ, ನಾನು ಗಂಟೆ ಕಡಿಮೆ ಮಾಡುವುದು ಅರ್ಧಕ್ಕೆ ನಿಲ್ಲುತ್ತದೆ.

ಲೆಕ್ಕಿಗ

ಇದನ್ನು ನಾನು ಯೋಚಿಸಿರಲಿಲ್ಲ, ಒಳ್ಳೆ ಮಾತು. ಆದರೆ ಈಗಿನ ಕಾನೂನಿನ ಮಂಡಳಿಗೆ ರಾಯಲ್ಟಿ ಮುಟ್ಟುವ ಅಧಿಕಾರ ಇಲ್ಲ. ಅದು ವರ್ಷಕ್ಕೆ ಶೇ. 3.5 ಅಥವಾ ಹಣದುಬ್ಬರ, ಯಾವುದು ಕಡಿಮೆಯೋ ಅಷ್ಟು ಕೂಲಿ ಏರಿಸಬಹುದು, 2029ರವರೆಗೆ. ಕೆಲಸದ ಜಾಗದ ನಿಯಮಗಳ ಬಗ್ಗೆ ಸಲಹೆ ಕೊಡಬಹುದು. ಅಲ್ಲಿ ಕೆಲಸಗಾರರ ಕಡೆಯವರೂ ಇದ್ದಾರೆ, ಫ್ರ್ಯಾಂಚೈಸಿಗಳ ಕಡೆಯವರೂ ಇದ್ದಾರೆ.

ಹಳೇ ಶಿಫ್ಟ್ ಮ್ಯಾನೇಜರ್

ಹಾಗಾದರೆ ಆ ಮಂಡಳಿಯ ಮುಂದೆ ಗಂಟೆಯ ವಿಷಯ ಇಡಿ. ಪಟ್ಟಿಯನ್ನು ಎರಡು ವಾರ ಮುಂಚೆ ಕೊಡಬೇಕು, ಕೊಟ್ಟ ಮೇಲೆ ಕಡಿಮೆ ಮಾಡಿದರೆ ಸ್ವಲ್ಪ ದುಡ್ಡು ಕಟ್ಟಬೇಕು ಅನ್ನುವ ನಿಯಮ ಸಿಯಾಟಲ್‌ನಲ್ಲೂ ನ್ಯೂಯಾರ್ಕಿನಲ್ಲೂ 2017ರಿಂದ ಇದೆ.

ರಾತ್ರಿ ಪಾಳಿ

ಅದು ಬಂದರೆ ಸಾಕು. ಮುಂದಿನ ವಾರ ಎಷ್ಟು ಗಂಟೆ ಅಂತ ಮೊದಲೇ ಗೊತ್ತಿದ್ದರೆ ಮಗುವನ್ನು ಯಾರು ನೋಡಿಕೊಳ್ಳಬೇಕು, ಇನ್ನೊಂದು ಕೆಲಸ ಹಿಡಿಯಬಹುದೇ ಅಂತ ತೀರ್ಮಾನ ಮಾಡಬಹುದು. ಈಗ ಭಾನುವಾರ ರಾತ್ರಿ ಫೋನಿಗೆ ಪಟ್ಟಿ ಬರುತ್ತದೆ, ಸೋಮವಾರ ಬೆಳಿಗ್ಗೆ ಅದೂ ಬದಲಾಗಿರುತ್ತದೆ.

ಎರಡು ಮಳಿಗೆಯ ಮಾಲೀಕ

ಎರಡು ವಾರ ಮುಂಚೆ ಕೊಡುವುದು ನನಗೆ ಕಷ್ಟ ಅಲ್ಲ. ಮಳೆ ಬಂದು ಜನ ಬರದಿದ್ದ ದಿನದ ಕೂಲಿ ಯಾರು ಹೊರಬೇಕು ಅನ್ನುವುದೊಂದೇ ನನ್ನ ಪ್ರಶ್ನೆ. ಅರ್ಧ ನಾನು ಹೊರುತ್ತೇನೆ, ಉಳಿದ ಅರ್ಧಕ್ಕೆ ಕಂಪನಿ ಆ ದಿನದ ರಾಯಲ್ಟಿ ಬಿಡಲಿ. ಮಂಡಳಿಗೆ ಬರೆಯುವವರು ಯಾರಾದರೂ ಇದ್ದರೆ ಇದನ್ನೂ ಸೇರಿಸಿ, ಸಹಿ ನಾನೂ ಹಾಕುತ್ತೇನೆ.